ಸಣ್ಣಯ್ಯನ ಬಲಗಾಲು

ಬಾಗಿಲ ತನಕ ಬಂದ ಅಯ್ಯ ಹೊಸ್ತಿಲು ದಾಟಲಿಲ್ಲ. ಒಳಗೆ ಒಮ್ಮೆ ನೋಡಿದ. ಕೈಯಲ್ಲಿದ್ದ ತಂಬಿಗೆಯ ನೀರನ್ನು ಅಂಗಳದ ದಾಸವಾಳದ ಬುಡಕ್ಕೆ ಸುರಿದ. ಬಂದ ದಾರಿಯಲ್ಲೇ ತಿರುಗಿ ನಡೆದುಬಿಟ್ಟ.

"ಅಯ್ಯಾರ! ಅಯ್ಯಾರ, ನಿಂದರ್ರಿ!"

ಮನೆಯ ಹಳೆಯ ಆಳು ಉಳವಪ್ಪ ಧೋತರ ಎತ್ತಿಕೊಂಡು ಓಣಿಯ ತಿರುವಿನವರೆಗೆ ಓಡಿದ. ಅರವತ್ತೆಂಟು ವರ್ಷದ ಮೊಣಕಾಲು ಎಷ್ಟು ಓಡೀತು? ಏದುಸಿರು ಬಿಡುತ್ತ ಅವನು ವಾಪಸು ಬಂದಾಗ ಪೆಂಡಾಲಿನ ಕೆಳಗೆ ಕೂತಿದ್ದ ಇಡೀ ಹಿರೇಬೆಂಡಿಗೇರಿ ಅವನ ಮುಖವನ್ನೇ ನೋಡುತ್ತಿತ್ತು. ಭಜನೆಯವರ ತಾಳ ಕೂಡ ನಿಂತಿತ್ತು.

"ಏನಾತೋ ಅವರಿಗೆ?"

"ಏನಾಗೂದೈತಿ. ಬರೂದ ದೊಡ್ಡದಿತ್ತು. ಬಂದ್ರು, ನೋಡಿದ್ರು, ಹ್ವಾದ್ರು."

ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಶಂಕ್ರಪ್ಪ ಇದ್ಯಾವುದೂ ತನಗೆ ಸಂಬಂಧವಿಲ್ಲ ಎನ್ನುವಂತೆ ಕೂತಿದ್ದ. ಮೊದಲು ಪೊಲೀಸ್ ಫೌಜದಾರ, ಆಮೇಲೆ ಶಾಸಕ, ಕಡೆಯ ಆರು ವರ್ಷ ಏನೂ ಅಲ್ಲ. ಬೆಳಗಿನ ಜಾವ ಎದೆ ಹಿಡಿದುಕೊಂಡು ಹೋದವನನ್ನು ಮೈ ಬಿಗಿಯುವ ಮುನ್ನವೇ ಕೂರಿಸಿ, ಎದೆಗೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಹೀಗೆ ಕೂತುಕೊಂಡೇ ಮಣ್ಣಿಗೆ ಹೋಗುವುದು ಈ ಜನರ ರೀತಿ. ಆದರೆ ಅದಕ್ಕೂ ಮೊದಲು ಒಂದು ಶಾಸ್ತ್ರ ಆಗಬೇಕು. ಊರ ಮಠದ ಅಯ್ಯ ಬಂದು, ಸತ್ತವನ ತಲೆಗೆ ವಿಭೂತಿ ಸುರಿದು, ತನ್ನ ಬಲಗಾಲನ್ನು ಅದರ ಮೇಲೆ ಇಡಬೇಕು. ಅದು ಗುರುವಿನ ಪಾದ. ಅದು ಬೀಳದೆ ಮಣ್ಣು ಮಾಡಿದರೆ ಜೀವ ಮನೆಯ ಹೊಸ್ತಿಲಲ್ಲೇ ತಿರುಗುತ್ತದೆ ಎಂದು ಶಂಕ್ರಪ್ಪನ ಹೆಂಡತಿ ವೀರವ್ವನಿಗೆ ಅವಳ ಅತ್ತೆ ಹೇಳಿದ್ದಳು. ವೀರವ್ವ ಅದನ್ನು ನಂಬಿದ್ದಳು. ಗಂಡ ಹೋದ ದುಃಖಕ್ಕೆ ಇನ್ನೂ ಪುರುಸೊತ್ತು ಸಿಕ್ಕಿರಲಿಲ್ಲ. ಬೆಳಗಿನಿಂದ ಅವಳ ಜೀವ ಆ ಒಂದು ಕಾಲಿಗಾಗಿ ಚಡಪಡಿಸುತ್ತಿತ್ತು.

ಊರ ಅಯ್ಯ ಎಂದರೆ ಈಗ ಸುದೀಪ. ಅಪ್ಪ ಅಡಿವೆಯ್ಯನಿಗೆ ಲಕ್ವಾ ಹೊಡೆದ ಮೇಲೆ ಮಠದ ಕೆಲಸವೆಲ್ಲ ಇಪ್ಪತ್ತೇಳು ವರ್ಷದ ಅವನ ಮೇಲೆ ಬಿದ್ದಿತ್ತು. ಊರವರ ಬಾಯಲ್ಲಿ ಸಣ್ಣಯ್ಯ. ಆರು ವರ್ಷದ ಹಿಂದೆ ಇದೇ ಸುದೀಪನ ತಲೆಯ ಮೇಲೆ ಇದೇ ಶಂಕ್ರಪ್ಪ ಬೂಟುಗಾಲು ಇಟ್ಟಿದ್ದ. ಅದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದರು.

ಹಾಗಿರುವಾಗ ಇವತ್ತು ಪೆಂಡಾಲು ಯಾಕೆ ತುಂಬಿತ್ತು ಎಂದು ಬಿಡಿಸಿ ಹೇಳಬೇಕೆ? ಆರು ವರ್ಷ ಈ ಓಣಿಯತ್ತ ತಲೆ ಹಾಕಿ ಮಲಗದ ಜನ ದುಂಡಸಿಯಿಂದ, ಹತ್ತಿಮತ್ತೂರಿನಿಂದ ಒಂದೊಂದು ಮೋಟರ್‌ಸೈಕಲ್ಲಿನಲ್ಲಿ ಮೂರು ಮೂರು ಮಂದಿಯಾಗಿ ಬಂದಿದ್ದರು. ಅಳಲು ಬಂದವರು ಗಳಿಗೆಗೊಮ್ಮೆ ಜೇಬಿನಿಂದ ಮೊಬೈಲು ತೆಗೆದು ಚಾರ್ಜು ಎಷ್ಟಿದೆ ಎಂದು ನೋಡುವುದಿಲ್ಲ.

"ಅಂವನ ಕಾಲ ಯಾಕ ಬೇಕು ಬೇ?" ಮಗಳು ವಾಣಿಶ್ರೀ ಕೆಂಪಾದ ಕಣ್ಣಿನಲ್ಲೇ ಸಿಡುಕಿದಳು. ಹಿರೇಕೆರೂರಿನ ಗಂಡನ ಮನೆಯಿಂದ ನಸುಕಿನಲ್ಲೇ ಹೊರಟು ಬಂದವಳು. "ಬ್ಯಾರೆ ಊರಿನ ಅಯ್ಯಾರನ್ನ ಕರಸೂಣು."

"ಕೇಳಿದ್ನೆಲ್ಲವಾ, ಮೂರು ಊರಿಗೆ," ಅಂದಳು ವೀರವ್ವ.

ಕೇಳಿದ್ದು ನಿಜ. ಶಿಗ್ಗಾವಿಯವರು, "ಆ ಊರ ಮಠದಾಗ ಅಯ್ಯ ಇರೂ ಮುಂದ ನಾವು ಬಂದು ಕಾಲ ಇಡೂದು ಚಲೋ ಅಲ್ಲ ತಂಗಿ" ಎಂದಿದ್ದರು. ಸವಣೂರಿನವರು ಅದನ್ನೇ ಇನ್ನಷ್ಟು ಮೆತ್ತಗೆ ಹೇಳಿದ್ದರು. ಹಾನಗಲ್ಲಿನವರು ಫೋನೇ ಎತ್ತಲಿಲ್ಲ.

"ನಾಳಿ ತನಕ ಕಾಯೂಣೇನು? ಫ್ರೀಜರ್ ಪೆಟ್ಟಿಗಿ ತರಸಿದ್ರ?" ಎಂದು ಯಾರೋ ಸಲಹೆ ಕೊಟ್ಟರು.

"ಕುಂತ ಹೆಣಾ ಅದರಾಗ ಹೆಂಗ ಹಿಡಸ್ತೈತೋ ತಮ್ಮಾ?" ಉಳವಪ್ಪ ಗದರಿದ. "ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು."

ವೀರವ್ವ ಎದ್ದಳು. ಹೊಸ್ತಿಲಿಗೆ ಬಂದು, ಸುದೀಪ ನಿಂತಿದ್ದ ಜಾಗದಲ್ಲೇ ನಿಂತು, ಅವನು ನೋಡಿದಂತೆ ಒಳಗೆ ನೋಡಿದಳು. ಗಂಡನ ಬಲಗಡೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಬಿಳಿ ವಸ್ತ್ರ. ವಸ್ತ್ರದ ಮೇಲೆ ಫಳಫಳ ಹೊಳೆಯುವ ಕಂದು ಪೊಲೀಸ್ ಬೂಟು, ಅದಕ್ಕೊಂದು ಚೆಂಡುಹೂವಿನ ಸರ ಬೇರೆ.

"ಇದನ್ನ ಯಾರ ಇಟ್ಟೀರಿ?"

"ನಾನ ಯವ್ವಾ," ಉಳವಪ್ಪ ಮುಂದೆ ಬಂದ. "ಸಾಹೇಬ್ರಿಗೆ ಭಾಳ ಪ್ರೀತಿದ್ದು ಅಂತ. ಅಟ್ಟದ ಮ್ಯಾಲ ಗೋಣಿಚೀಲದಾಗ ಇತ್ತು. ನಾನ ಇಳಿಸಿ, ಒರಸಿ, ಪಾಲಿಶ್ ಮಾಡಿ..."

ಹೇಳುತ್ತ ಹೇಳುತ್ತಲೇ ಅವನಿಗೆ ಹೊಳೆಯಿತು. ಎರಡೂ ಕೈಯಿಂದ ಹಣೆ ಬಡಿದುಕೊಂಡ. "ಅಯ್ಯ ಶಿವನ! ಅಯ್ಯಾರು ಇಡಾಕಂತನ ಬಂದಿದ್ರು! ನಾನ ಹಾಳ ಮಾಡಿದ್ನೆಲ್ಲ ಯವ್ವಾ!"

ವೀರವ್ವ ಬೈಯಲಿಲ್ಲ. ಎರಡೂ ಬೂಟುಗಳನ್ನು ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋಗಿ ತಿಪ್ಪೆಗೆ ಎಸೆದು ಬಂದಳು. ಹೂವಿನ ಸರ ಬೂಟಿನ ಜೊತೆಯೇ ಹೋಯಿತು.

*

ಆ ಬೂಟು ಹೆಸರು ಮಾಡಿದ್ದು ಹಾನಗಲ್ಲಿನ ಸಂತೆಯಲ್ಲಿ. ವಾಣಿಶ್ರೀ ಆಗ ಬಗಲಿನ ಕೂಸು.

ಸಂತೆಯ ದಿನ ಮಟಕಾ ಚೀಟಿ ಬರೆಯುವವನೊಬ್ಬ ಚಾದಂಗಡಿಯ ಹಿಂದೆ ಕೂರುತ್ತಿದ್ದ. ಕೂಲಿ ಮುಗಿಸಿದ ಗಂಡಸರು ಸಂತೆಯ ದುಡ್ಡನ್ನೆಲ್ಲ ಅವನಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು. ಪೊಲೀಸರು ಬರುವ ಮೊದಲೇ ಅವನಿಗೆ ವಾಸನೆ ಹತ್ತುತ್ತಿತ್ತು. ಹೊಸದಾಗಿ ಬಂದಿದ್ದ ಫೌಜದಾರ ಶಂಕ್ರಪ್ಪ ಒಂದು ಉಪಾಯ ಮಾಡಿದ. ಲುಂಗಿ ಸುತ್ತಿ, ತಲೆಗೆ ಟವೆಲ್ಲು ಕಟ್ಟಿ, ಸವಣೂರ ವೀಳ್ಯದೆಲೆಯ ಬುಟ್ಟಿ ಹೊತ್ತುಕೊಂಡು ಬಂದು ಚಾದಂಗಡಿಯ ಎದುರೇ ಕೂತ. ಹೆಂಗಸರು ಚೌಕಾಸಿ ಮಾಡಿ ಮಾಡಿ ಅವನಿಂದ ಅರ್ಧ ಬುಟ್ಟಿ ಎಲೆ ಮಣ್ಣಿನ ಬೆಲೆಗೆ ಹೊಡೆದುಕೊಂಡರು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಲುಂಗಿಯ ಕೆಳಗೆ ಬೂಟು ಹಾಗೇ ಇತ್ತು. ಬಿಚ್ಚುವುದನ್ನು ಮರೆತಿದ್ದ, ಪುಣ್ಯಾತ್ಮ!

ಚೀಟಿ ಬರೆಯುವವನು ಬೂಟು ನೋಡಿದ, ಓಟ ಕಿತ್ತ. ಶಂಕ್ರಪ್ಪ ಲುಂಗಿ ಎತ್ತಿ ಕಟ್ಟಿ ಬೆನ್ನು ಹತ್ತಿದ. ಮೆಣಸಿನಕಾಯಿ ರಾಶಿ ಹಾರಿ, ಕುಂಬಾರರ ಮಡಕೆ ದಾಟಿ, ನಡುಸಂತೆಯಲ್ಲಿ ಅವನನ್ನು ಕೆಡವಿದ. ಕೆಡವಿ ತಲೆಯ ಮೇಲೆ ಬೂಟುಗಾಲು ಇಟ್ಟು ನಿಂತ. ಕೈಕೋಳ ಹಾಕಿದ್ದರೆ ಸಾಕಿತ್ತು, ಕಾಲು ಇಡುವ ಅವಶ್ಯಕತೆ ಇರಲಿಲ್ಲ. ಆದರೆ ಸಂತೆ ಚಪ್ಪಾಳೆ ತಟ್ಟಿತು. ಹೆಂಗಸರು ಕೂಗಿ ಕೂಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಶಂಕ್ರಪ್ಪನಿಗೆ ಹಿಡಿಸಿಬಿಟ್ಟಿತು.

ಮುಂದಿನದೆಲ್ಲ ಭರದಿಂದ ಆಯಿತು. ವರ್ಗಾವಣೆಯ ಆದೇಶ ಬಂದಾಗ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ರಸ್ತೆಯಲ್ಲಿ ಕೂತು ಬಸ್ಸು ತಡೆದರು. ಪಾರ್ಟಿಯವರು ಬಿಳಿ ಜೀಪಿನಲ್ಲಿ ಬಂದು ಚಾ ಕುಡಿದು ಹೋದರು. ಅವನು ನೌಕರಿಗೆ ರಾಜೀನಾಮೆ ಕೊಟ್ಟ. ಚುನಾವಣೆಯಲ್ಲಿ ಹುಡುಗರು ಗೋಡೆಗಳ ಮೇಲೆ ಲುಂಗಿ, ಲುಂಗಿಯ ಕೆಳಗೆ ಬೂಟು ಬರೆದರು. ಗೆದ್ದ. ಎರಡನೆಯ ಸಲವೂ ಗೆದ್ದ. ಖಾದಿ ಅಂಗಿ, ಖಾದಿ ಧೋತರ, ಕೆಳಗೆ ಅದೇ ಬೂಟು. ದಿನಾ ಬೆಳಿಗ್ಗೆ ಅದಕ್ಕೆ ಪಾಲಿಶ್ ಹಚ್ಚಿ ಕೊಡುತ್ತಿದ್ದವಳು ವೀರವ್ವ.

*

ಎರಡು ಗಂಟೆಯ ಬಸ್ಸಿಗೆ ಬಂಕಾಪುರದಿಂದ ಮಜೀದ ಬಂದ. ಅವನನ್ನು ಕಂಡದ್ದೇ ಪೆಂಡಾಲಿನಲ್ಲಿ ಗುಸುಗುಸು ಎದ್ದಿತು.

"ಬಂದ ನೋಡು, ವಿಡಿಯೋ ಮಾಡಿದಾಂವ."

"ಎಷ್ಟ ಧೈರ್ಯ ಇರಬೇಕಪಾ!"

ಹನ್ನೊಂದು ವರ್ಷ ಶಂಕ್ರಪ್ಪನ ಜೀಪು ಓಡಿಸಿದ ಪೇದೆ ಮಜೀದ. ವೀರವ್ವನ ಕೈಯ ರೊಟ್ಟಿ ತಿಂದವನು, ವಾಣಿಶ್ರೀಯನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಆ ವಿಡಿಯೋದಿಂದ ಅವನೂ ಅಮಾನತಾಗಿದ್ದ. ಆಮೇಲೆ ಈ ಮನೆಗೆ ಬಂದಿರಲಿಲ್ಲ.

"ಇವನ್ನ ಒಳಗ ಬಿಡಬ್ಯಾಡ ಬೇ!" ವಾಣಿಶ್ರೀ ಅಡ್ಡ ನಿಂತಳು. "ನಮ್ಮಪ್ಪನ್ನ ಜೀವಂತ ಹುಗದಾಂವ ಇವನ!"

"ಬೈ ವಾಣಿ," ಮಜೀದ ಚಪ್ಪಲಿ ಕಳಚಿ ತಲೆ ತಗ್ಗಿಸಿದ. "ಬೈಸಿಕೊಳ್ಳಾಕನ ಬಂದೇನಿ."

ವೀರವ್ವ ಮಗಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. "ಬಿಸಲಾಗ ಬಂದಿ. ಚಾ ಕುಡದಿಯೇನು ಮಜೀದಪ್ಪ?"

ಅಷ್ಟು ಕೇಳಿದ್ದೇ ತಡ, ಅರವತ್ತು ದಾಟಿದ ಗಂಡಸು ಹೊಸ್ತಿಲ ಮೇಲೆ ಕುಸಿದು ಕೂತು ಮಕ್ಕಳ ಹಾಗೆ ಅತ್ತುಬಿಟ್ಟ. ಬೆಳಗಿನಿಂದ ಆ ಮನೆಯಲ್ಲಿ ಅಷ್ಟು ಜೋರಾಗಿ ಅತ್ತವರು ಬೇರೆ ಯಾರೂ ಇರಲಿಲ್ಲ. "ಅಕ್ಕಾರ, ಬಿಡ್ರಿ ಸಾಹೇಬ್ರ, ಬಿಡ್ರಿ ಅಂತ ನಾಕ ಸಲ ಅಂದೆ. ಕೇಳಲಿಲ್ಲ. ಅದಕ್ಕ ಮೊಬೈಲ್ ತಗದೆ. ಅದನ್ನ ನೋಡಿಯರ ಬಿಡತಾರ ಅಂತ. ಅವರು ಮೊಬೈಲ್ ನೋಡಿ ಇನ್ನೂ ಗಟ್ಟಿ ತುಳದ್ರು."

*

ಆಗ ಡಿಗ್ರಿ ಓದುತ್ತಿದ್ದ ಸುದೀಪ ಮಾಡಿದ್ದು ಇಷ್ಟೇ. ಊರ ರಸ್ತೆಯ ಮೊಣಕಾಲುದ್ದದ ತಗ್ಗಿನಲ್ಲಿ ಮಳೆಯ ನೀರು ನಿಂತಿತ್ತು. ಅಯ್ಯನ ಮಗನಲ್ಲವೇ, ತಗ್ಗಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಗಂಟೆ ಬಾರಿಸಿ ಆರತಿ ಬೆಳಗಿದ. "ಶಾಸಕರು ಕಟ್ಟಿಸಿದ ಹೊಸ ಕೆರಿಗೆ ಮಂಗಳಾರತಿ" ಎಂದು ವಾಟ್ಸಾಪಿಗೆ ಬಿಟ್ಟ. ಊರೂರೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

ಶಂಕ್ರಪ್ಪನಿಗೆ ನಗು ಬರಲಿಲ್ಲ. ಹುಡುಗನನ್ನು ಠಾಣೆಗೆ ಕರೆಸಿದ. ಶಾಸಕನಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಹಳೆಯ ರೂಢಿಯಂತೆ ತಾನೇ ಹೋದ. ಹುಡುಗನ ಕತ್ತು ಹಿಡಿದು ನೆಲಕ್ಕೆ ಬಗ್ಗಿಸಿದ. ತಲೆಯ ಮೇಲೆ ಬೂಟುಗಾಲು ಇಟ್ಟ. ಹಿಮ್ಮಡಿ ಹುಡುಗನ ಬಲಗಿವಿಯ ಮೇಲಿತ್ತು. ಆಗ ಅವನ ಬಾಯಿಂದ ಆ ಮಾತು ಬಂತು.

"ನಾವು ಸತ್ತಾಗ ನೀವು ನಮ್ಮ ತಲಿ ಮ್ಯಾಲ ಕಾಲ ಇಡತೀರಿ. ಬದುಕಿದ್ದಾಗ ನಾವು ನಿಮ್ಮ ತಲಿ ಮ್ಯಾಲ ಇಡತೇವಿ, ತಿಳೀತೇನ್ಲೇ ಅಯ್ಯಾ?"

ಹೊಡೆದದ್ದನ್ನು ಜನ ಮರೆಯುತ್ತಿದ್ದರೇನೋ. ಮಾತನ್ನು ಮರೆಯಲಿಲ್ಲ. ಸಾವಿನ ಶಾಸ್ತ್ರವನ್ನೇ ಬೂಟಿಗೆ ಸಮ ಮಾಡಿದ ಎಂದು ಅವನ ಜನವೇ ಮೊದಲು ತಿರುಗಿಬಿದ್ದರು. ಪಾರ್ಟಿ ಹೊರಗೆ ಹಾಕಿತು. ಕೇಸು ನಡೆಯಿತು, ನಡೆಯುತ್ತಲೇ ಇತ್ತು. ಒಂಟಿಯಾಗಿ ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡ. ಆಮೇಲೆ ಕರಿ ಕಂಬಳಿ ಹೊದ್ದು ನಸುಕಿನಲ್ಲಿ ಹೊಲಕ್ಕೆ ಹೋಗಿ ಬರುವುದು, ಉಳಿದ ಹೊತ್ತು ಗೋಡೆ ನೋಡುತ್ತ ಕೂರುವುದು.

*

ಮನೆಯಲ್ಲಿ ಹೆಣ ಇಟ್ಟುಕೊಂಡು ಹೆಂಡತಿ ಹೊರಬೀಳುವುದುಂಟೆ? ವೀರವ್ವ ಬಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡುಓಣಿಯಲ್ಲಿ ನಡೆದಳು. ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಹಿಂದೆ ಬರಹೊರಟ ಮಗಳನ್ನು ಕೈಸನ್ನೆಯಲ್ಲೇ ತಡೆದಳು.

ಮಠದ ಒಳಕೋಣೆಯಲ್ಲಿ ಸುದೀಪ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದ. ಅವಳ ಹೆಜ್ಜೆ ಕೇಳಿಸಿ ಎಡಗಿವಿ ಇತ್ತ ತಿರುಗಿಸಿದ. ಬಲಗಿವಿಯಲ್ಲಿ ಆರು ವರ್ಷದಿಂದ ಬರೀ ಗುಂಯ್ ಎನ್ನುವ ಶಬ್ದ.

"ಬೂಟ ತಿಪ್ಪಿಗೆ ಒಗದ ಬಂದೇನ್ರಿ ಅಯ್ಯಾರ. ತಿಳೀದವರು ಇಟ್ಟಿದ್ರು."

"ನಾ ಕಾಲ ತೊಳಕೊಂಡ ಬಂದಿದ್ದೆ ಅವ್ವಾರ," ಸುದೀಪ ಬಟ್ಟಲು ಕೆಳಗಿಟ್ಟ. "ಸುದ್ದಿ ಕೇಳಿದ ಮ್ಯಾಲ ಅನ್ನ ಇಳೀಲಿಲ್ಲ, ಆದ್ರೂ ಬಂದಿದ್ದೆ. ಆ ಬೂಟ ನೋಡಿದ ಕೂಡಲೆ ಕಾಲಾಗ ಸಿಟ್ಟ ಬಂತು. ಸಿಟ್ಟಿನ ಕಾಲ ತಲಿ ಮ್ಯಾಲ ಇಟ್ರ ಅದು ಶಾಸ್ತ್ರ ಅಲ್ಲ, ಒದ್ದಂಗ. ಆರು ವರ್ಷ ನಾ ದಿನಾ ಅದನ್ನ ನೆನಸೇನಿ, ಇವರು ಸತ್ತಾಗ ಹೆಂಗ ಇಡಬೇಕು ಅಂತ. ಹಂಗ ನೆನಸಿದ ಕಾಲು ಇದು. ಹೆಂಗ ಇಡಲಿ?"

ವೀರವ್ವ ನೆಲದ ಮೇಲೆ ಕೂತಳು.

"ಒಂದ ಮಾತ ಕೇಳತೇನಿ," ಸುದೀಪ ಅಂದ. "ಅವರು ಹೋಗೂ ಮುಂದ ನನ್ನ ಬಗ್ಗೆ ಏನರ ಅಂದ್ರೇನು?"

ಹೌದು ಎಂದುಬಿಡಬಹುದಿತ್ತು. ಗಂಡ ಹೋಗುವಾಗ ಕೋಣೆಯಲ್ಲಿ ಬೇರೆ ಸಾಕ್ಷಿ ಯಾರಿದ್ದರು? ತಪ್ಪಾಯಿತು ಅಂದರು, ನಿಮ್ಮ ಹೆಸರು ಹಿಡಿದು ಅತ್ತರು ಎಂದಿದ್ದರೆ ಆ ಹುಡುಗ ಈಗಲೇ ಎದ್ದು ಬರುತ್ತಿದ್ದ. ಅದು ವೀರವ್ವನಿಗೂ ಗೊತ್ತಿತ್ತು. ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

"ಇಲ್ರಿ. ಏನೂ ಅನಲಿಲ್ಲ. ನಾನ ಎಷ್ಟೋ ಸಲ ಹೇಳೇನಿ, ಹೋಗಿ ಆ ಹುಡಗನ ಕಾಲ ಹಿಡಕೊಂಡ ಬರ್ರಿ ಅಂತ. 'ನಾ ಹಾನಗಲ್ಲ ಸಂತ್ಯಾಗ ಮಾಡಿದ್ದೂ ಅದ. ಆವಾಗ ಎಲ್ಲಾರೂ ಚಪ್ಪಾಳಿ ತಟ್ಟಿದ್ರಿ' ಅಂತ ನನಗ ತಿರುಗಿ ಅಂದ್ರು."

ಸುದೀಪ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಅವರು ಸುಳ್ಳ ಅನಲಿಲ್ರಿ. ನಾನೂ ಅಲ್ಲಿ ಇದ್ನಿ. ಮಗಳನ್ನ ಬಗಲಾಗ ಇಟಗೊಂಡು. ಆ ಬಡಕಲ ಮನಶ್ಯಾನ ಬಾಯಾಗ ಮಣ್ಣ ಹೋಗಿತ್ತು, ಕಣ್ಣಾಗ ನೀರ ಬಂದಿತ್ತು. ನೋಡಿನೂ ತಟ್ಟಿದೆ. ನನ್ನ ಗಂಡ ಅಂತ ಹೆಮ್ಮಿ ಆಗಿತ್ತು. ಮರುದಿನಾ ಬೂಟಿಗೆ ಇನ್ನಷ್ಟು ಪಾಲಿಶ್ ಹಚ್ಚಿದೆ. ನಿಮ್ಮನ್ನ ತುಳದ ದಿನಾನೂ ನಾನ ಹಚ್ಚಿ ಕೊಟ್ಟಿದ್ದು." ಅವಳು ಎರಡೂ ಕೈ ಜೋಡಿಸಿದಳು. "ತಪ್ಪಾತು ಅನ್ನೂ ಅವರ ಮಾತು ಅವರ ಜೋಡಿನ ಹ್ವಾತು. ನಂದು ತಪ್ಪಾತ್ರಿ ಅಯ್ಯಾರ."

ಹಾಸಿಗೆಯಲ್ಲಿದ್ದ ಅಡಿವೆಯ್ಯ ಗಂಟಲಿನಿಂದ ಏನೋ ಶಬ್ದ ಮಾಡಿದ. ಸುದೀಪ ಅವನ ಬಾಯಿ ಒರೆಸಿದ, ದಿಂಬು ಸರಿಮಾಡಿದ.

"ಮನಿ ಮುಂದ ನೂರ ಮೊಬೈಲ್ ಕಾಯಾಕತ್ತಾವ," ಕಡೆಗೆ ಅಂದ. "ಒಂದರಾಗ ಅವರ ಕಾಲು, ನನ್ನ ತಲಿ. ಇನ್ನೊಂದರಾಗ ನನ್ನ ಕಾಲು, ಅವರ ತಲಿ. ಎರಡೂ ಜೋಡಿಸಿ ಸಂಜೀಕ ಬಿಡತಾರ. ಸಾಯೂ ತನಕ ನಾ ಅದರಾಗ ಇರಬೇಕು."

"ಹಂಗಾದ್ರ?"

"ನೀವು ಹೆಣಾ ಎತ್ತಸ್ರಿ." ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

*

ಪಾದ ಬೀಳದ ಹೆಣವನ್ನು ಎತ್ತುವುದು ಹೇಗೆ ಎಂದು ಹಿರಿಯರು ತಕರಾರು ತೆಗೆದರು. ವೀರವ್ವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿದಿರು ಕಟ್ಟಿ, ಬಾಳೆಕಂಬ ನಿಲ್ಲಿಸಿದ್ದ, ಹೆಣ ಹೊರುವ ವಿಮಾನದಲ್ಲಿ ಶಂಕ್ರಪ್ಪನನ್ನು ಕೂರಿಸಿದರು. ಹೊರಡುವಾಗ ಅವಳು ಒಳಗೆ ಹೋಗಿ ಗಂಡನ ಕರಿ ಕಂಬಳಿ ತಂದು ಮಜೀದನ ಕೈಗೆ ಕೊಟ್ಟು ಏನೋ ಹೇಳಿದಳು. ಮಜೀದ ತಲೆ ಆಡಿಸಿದ.

ಕುಣಿ ತೋಡಿದ್ದು ಅವರ ಹೊಲದಲ್ಲೇ. ಎರೆಮಣ್ಣು, ಆಳವಾದ ಕುಣಿ, ಪಕ್ಕದಲ್ಲಿ ಕೂರಿಸಲು ಗೂಡು. ವಿಮಾನ ಇಳಿಸಿದಾಗ ಹೊತ್ತು ಮರದ ನೆತ್ತಿಗೆ ಇಳಿದಿತ್ತು. ಅಯ್ಯ ಇರಲಿಲ್ಲ. ಮೊಬೈಲು ಹಿಡಿದವರು ಮೊದಲೇ ಕುಣಿಯ ಸುತ್ತ ಜಾಗ ಹಿಡಿದಿದ್ದರು. ಶಂಕ್ರಪ್ಪನನ್ನು ಗೂಡಿನಲ್ಲಿ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ವೀರವ್ವ ಊರ ಕಡೆಯ ದಾರಿ ನೋಡಿದಳು, ಮತ್ತೆ ನೋಡಿದಳು.

"ಇನ್ನೆಷ್ಟ ಕಾಯೂದು? ಮಣ್ಣ ಎಳೀರಿ," ಯಾರೋ ಅಂದರು.

"ತಡೀರಿ!" ಎಂದ ಉಳವಪ್ಪ. "ಬಂದ್ರು!"

ಬದುವಿನ ಮೇಲೆ ಸುದೀಪ ಬರುತ್ತಿದ್ದ. ಬರಿಗಾಲು, ಕೈಯಲ್ಲಿ ತಂಬಿಗೆ. ಯಾರ ಮುಖವನ್ನೂ ನೋಡಲಿಲ್ಲ. ಕುಣಿಯ ಅಂಚಿನಲ್ಲಿ ಕೂತು ಕಾಲಿಗೆ ನೀರು ಸುರಿದುಕೊಂಡು ಸರಕ್ಕನೆ ಒಳಗೆ ಇಳಿದ. ನೂರು ಮೊಬೈಲು ಒಟ್ಟಿಗೆ ಮೇಲೆದ್ದವು.

ಅಷ್ಟರಲ್ಲಿ ಮಜೀದ ಕಂಬಳಿ ಬಿಡಿಸಿದ. ಒಂದು ತುದಿ ಉಳವಪ್ಪನಿಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಕುಣಿಯ ಬಾಯಿ ಮುಚ್ಚಿಬಿಟ್ಟ.

"ಏ ಸಾಬಣ್ಣ, ತಗೀಯೋ! ಶಾಸ್ತ್ರ ನೋಡಬೇಕು!"

"ಶಾಸ್ತ್ರ ಒಳಗ ಕುಂತವರಿಗೆ, ನಿಮಗಲ್ಲ! ಹಿಂದ ಸರೀರಿ! ಸರೀರಿ ಹಿಂದ!" ಮೂವತ್ತು ವರ್ಷ ಜಾತ್ರೆ, ಸಭೆ, ಗಲಾಟೆಯ ಬಂದೋಬಸ್ತು ಮಾಡಿದ ಗಂಟಲು. ಜನ ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದರು.

ಕಂಬಳಿಯ ಕೆಳಗಿನಿಂದ ಮಂತ್ರದ ಸದ್ದು ಬಂತು. ವಿಭೂತಿ ಸುರಿದ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಬಹಳ ಹೊತ್ತು ಇತ್ತು. ವಾಣಿಶ್ರೀ ಅವ್ವನ ಕೈ ಗಟ್ಟಿಯಾಗಿ ಹಿಡಿದಳು.

"ಕೈ ಕೊಡ್ರಿ," ಒಳಗಿನಿಂದ ಸುದೀಪನ ದನಿ ಕೇಳಿಸಿತು.

ಕಂಬಳಿಯನ್ನು ಅಂಚಿಗೆ ಹಾಸಿ ಮಜೀದ, ಉಳವಪ್ಪ ಅವನನ್ನು ಮೇಲೆಳೆದರು. ಅವನ ಕಣ್ಣು ತೊಯ್ದಿತ್ತು.

"ಇಟ್ರೇನ್ರಿ ಅಯ್ಯಾರ? ಇಟ್ರೋ ಇಲ್ಲೋ?" ಜನ ಅವನನ್ನು ಮುತ್ತಿಕೊಂಡರು. ಅವನು ಗುಂಪನ್ನು ಸೀಳಿಕೊಂಡು ನಡೆದ. ಮೊಬೈಲುಗಳೆಲ್ಲ ಅವನ ಬೆನ್ನು ಹತ್ತಿದವು. ಕುಣಿಗೆ ಮಣ್ಣು ಬೀಳತೊಡಗಿತು.

ಮಜೀದ ಕಂಬಳಿ ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಲ್ಲೇ ನಿಂತ. ವೀರವ್ವನ ಕಡೆ ನೋಡಿದ. ಅವಳು ಹತ್ತಿರ ಬಂದು ಮೊಣಕಾಲೂರಿ ಕೂತಳು. ಮೇಲೆ ಬರುವಾಗ ಸುದೀಪ ಬಲಗಾಲು ಊರಿದ್ದ ಜಾಗದಲ್ಲಿ, ಕರಿ ಉಣ್ಣೆಯ ಮೇಲೆ, ವಿಭೂತಿಯ ಐದು ಬೆರಳು ಬೆಳ್ಳಗೆ ಮೂಡಿದ್ದವು. ಹಿಮ್ಮಡಿ ಮೂಡಿರಲಿಲ್ಲ.